ಬಾವಿ ದಂಡೆಯ ನಾಲ್ಕು ತಂತಿ

ಮರಾಠಿ ಸೀಮೆಯ ಅಂಚಿನ ಉಮರಗಾದಲ್ಲಿ, ಕಾಳಿನ ದಲಾಲರ ಅಡತ ಬಜಾರಿನಲ್ಲಿ ನಮ್ಮಪ್ಪನದೊಂದು ಕಾಳಿನ ಗೋದಾಮು ಇತ್ತು. ಹಂಗಾಮು ಬಂತೆಂದರೆ ತೊಗರಿ, ಕಡಲೆ, ಸೋಯಾಬೀನಿನ ಚೀಲಗಳು ತಗಡಿನ ಮಾಡಿಗೆ ತಾಗುವಷ್ಟು ಎತ್ತರಕ್ಕೆ ಏರುತ್ತಿದ್ದವು. ಎರಡನೇ ವರ್ಷವೂ ಮಳೆ ಕೈಕೊಟ್ಟಾಗ ಅಲ್ಲಿ ಉಳಿದದ್ದು ನೆಲದ ಮೇಲಿನ ಹೊಟ್ಟು, ಒಂದು ತೂಕದ ಕಾಟಾ ಮತ್ತು ಇಲಿಗಳು. ಸ್ವಲ್ಪ ದಿನಕ್ಕೆ ಇಲಿಗಳೂ ಹೋದವು. ಇಲಿ ಬಿಟ್ಟು ಹೋದ ಜಾಗ ಚಲೋ ಅಲ್ಲ ಎಂದು ಅವ್ವ ಅಂದಿದ್ದಳು. ಅದೇ ಜಾಗದಲ್ಲಿ ನಮ್ಮ ಬ್ಯಾಂಡ್ ಶುರುವಾಯಿತು.

ಅಣ್ಣ ಹೈದರಾಬಾದಿನಲ್ಲಿ ಓದು ಮುಗಿಸಿ ಬರುವಾಗ ಎರಡು ಗಿಟಾರು ತಂದಿದ್ದ. ಒಂದು ಆರು ತಂತಿಯದು, ಕರೆಂಟಿನಿಂದ ನುಡಿಯುವಂಥದ್ದು. ಇನ್ನೊಂದು ನಾಲ್ಕು ದಪ್ಪ ತಂತಿಯ ಬೇಸ್. ಹಾಸ್ಟೆಲ್ಲಿನಲ್ಲಿ ಅವನ ಕೋಣೆಯಲ್ಲಿದ್ದ ಈಶಾನ್ಯದ ಕಡೆಯ ಹುಡುಗನೊಬ್ಬ ಅವನಿಗೆ ಬ್ಲೂಸ್ ಎಂಬ ಪರದೇಶದ ದುಃಖದ ಹಾಡಿನ ಹುಚ್ಚು ಹಚ್ಚಿಸಿಬಿಟ್ಟಿದ್ದ. ಮನೆಗೆ ಬಂದ ಮೇಲೆ ಅಣ್ಣನಿಗೆ ಮಾತಾಡಲು ಅದೊಂದೇ ವಿಷಯ. ಮೂರೇ ಸ್ವರಮೇಳ, ಹನ್ನೆರಡು ಗತಿಯ ಒಂದು ಸುತ್ತು. ಒಂದು ಮಾತನ್ನು ಎರಡು ಸಲ ಹೇಳಬೇಕು, ಮೂರನೇ ಸಲ ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ ಅದರ ಲೆಕ್ಕ ಎಂದು ಅವನು ಹೇಳಿದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೀಸುವಾಗ ನಾವೂ ಹಂಗೇ ಹಾಡುತ್ತಿದ್ದೆವಲ್ಲ, ಅದಕ್ಕೆ ಹೈದರಾಬಾದಿಗೆ ಯಾಕೆ ಹೋಗಬೇಕಿತ್ತು ಎಂದು ಕೇಳಿದಳು.

ನಾನು ಆಗ ಬಿ.ಎಡ್. ಓದುತ್ತಿದ್ದೆ. ಚಿಕ್ಕವಳಿದ್ದಾಗಿನಿಂದ ಮಠದ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದರಿಂದ ಸ್ವರ ತಿಳಿಯುತ್ತಿತ್ತು. ಕೋಮಲ ಗಾಂಧಾರ ಮತ್ತು ಶುದ್ಧ ಗಾಂಧಾರ ಎರಡರ ನಡುವೆ ಪೇಟಿಗೆ ಎಟುಕದ ಒಂದು ಸಂದಿ ಇದೆ. ಅಣ್ಣ ತಂತಿಯನ್ನು ಬೆರಳಿನಿಂದ ಎಳೆದು ಬಗ್ಗಿಸಿ ಆ ಸಂದಿಯಲ್ಲಿ ನಿಲ್ಲಿಸುತ್ತಿದ್ದ. ಮೊದಲ ಸಲ ಕೇಳಿದಾಗ ಯಾರೋ ಅಳಬೇಕೆಂದು ಬಾಯಿ ತೆರೆದು ಹಾಗೇ ಉಳಿದಂತೆ ಅನಿಸಿತ್ತು. ಬೇಸ್ ಬಾರಿಸಲು ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ ನನಗೆ ಕೊಟ್ಟ. ಬೆರಳ ತುದಿ ಒಡೆದು ಮತ್ತೆ ಗಟ್ಟಿಯಾಗಲು ಎರಡು ತಿಂಗಳು ಬೇಕಾಯಿತು. ಆಮೇಲೆ ಅದನ್ನು ಬಿಡಲು ನನಗೆ ಆಗಲಿಲ್ಲ. ಬೇಸಿನ ಸದ್ದು ಕಿವಿಗೆ ಬರುವ ಮೊದಲು ಹೊಟ್ಟೆಗೆ ಬರುತ್ತದೆ. ಬಾರಿಸುವವರಿಗೆ ಅದರಷ್ಟು ಸಮಾಧಾನ ಬೇರೆ ಇಲ್ಲ.

ಡ್ರಮ್ಮಿಗೆ ಸಿಕ್ಕವನು ಮುರುಮದ ಹತ್ತಿರದ ಹಳ್ಳಿಯವನು, ಅಣ್ಣನ ವಾರಿಗೆಯವನು. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಆ ವರ್ಷ ಮೇವಿಲ್ಲದೆ ಅವನ ತಂದೆ, ಕಾಕಾಂದಿರು ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಗೆ ಹೋಗಿದ್ದರು. ಮನೆ ಕಾಯಲು ಇವನೊಬ್ಬ ಉಳಿದಿದ್ದ. ಮದುವೆ ಮೆರವಣಿಗೆಯಲ್ಲಿ ಬಾರಿಸುತ್ತಿದ್ದು ಈಗ ಮುರಿದುಬಿದ್ದ ಬ್ಯಾಂಜೋ ಪಾರ್ಟಿಯೊಂದರಿಂದ ಎರಡು ಡ್ರಮ್ಮು, ಬಿರುಕು ಬಿಟ್ಟ ಒಂದು ದೊಡ್ಡ ತಾಳ ತಂದ. ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮು ಇರಲಿಲ್ಲವೆಂದು ತನ್ನ ಡೊಳ್ಳನ್ನೇ ಮಲಗಿಸಿ ಸೈಕಲ್ಲಿನ ಚೈನಿನಿಂದ ಅದಕ್ಕೊಂದು ಪೆಡಲ್ ಮಾಡಿದ. ಮಾಡುವ ಮೊದಲು ಡೊಳ್ಳಿಗೆ ಭಂಡಾರ ಹಚ್ಚಿ ಕೈಮುಗಿದು, ತಪ್ಪಾದರೆ ಹೊಟ್ಟೆಗೆ ಹಾಕಿಕೋ ಎಂದು ಬೇಡಿಕೊಂಡ.

ನಾಲ್ಕನೆಯವರು ಸರಕಾರಿ ಬಸ್ಸಿನ ಕಂಡಕ್ಟರು. ಉಮರಗಾ, ನಿಲಂಗಾ, ಉದಗೀರ ಅವರ ದಾರಿ. ಅಣ್ಣ ಒಂದು ದಿನ ಗಿಟಾರು ಹಿಡಿದು ಬಸ್ ಹತ್ತಿದಾಗ ಅದೇನು ಎಂದು ವಿಚಾರಿಸಿ, ಖಾಕಿ ಜೇಬಿನಿಂದ ತಮ್ಮ ಮೌತ್ ಆರ್ಗನ್ ತೆಗೆದು ತೋರಿಸಿದ್ದರಂತೆ. ನಲವತ್ತು ದಾಟಿದ ಮನುಷ್ಯ. ನಾವು ಅವರಿಗೆ ಕಾಕಾ ಎನ್ನುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೂಗಿ ಕೂಗಿ ಅವರ ದನಿ ಒಡೆದಿತ್ತು. ಆ ಒಡೆದ ದನಿಯೇ ನಮಗೆ ಬೇಕಾಗಿತ್ತು.

ಕಾಕಾ ತೊಂಬತ್ತಮೂರರ ಭೂಕಂಪದಲ್ಲಿ ಬಿದ್ದ ಹಳ್ಳಿಗಳಲ್ಲಿ ಒಂದರವರು. ನಮ್ಮ ಕಡೆ ಭೂಕಂಪ ಎಂದರೆ ಸಾಕು, ಯಾವುದೆಂದು ಹೇಳಬೇಕಾಗಿಲ್ಲ. ಅವರಿಗೆ ಆಗ ಇಪ್ಪತ್ತು. ತಾಯಿ, ತಂದೆ, ತಂಗಿ ಮೂವರೂ ಕಲ್ಲಿನ ಗೋಡೆಯ ಕೆಳಗೆ ಹೋದರು. ಅಂದಿನಿಂದ ಅವರು ಮಾಡಿನ ಕೆಳಗೆ ಬಹಳ ಹೊತ್ತು ಇರುತ್ತಿರಲಿಲ್ಲ. ಬಸ್ಸಿನಲ್ಲಿ ಹೇಗೆ ಇರುತ್ತೀರಿ ಎಂದು ನಾನು ಕೇಳಿದರೆ, ಅದಕ್ಕೆ ಗಾಲಿ ಇವೆಯಲ್ಲ, ಅದು ಓಡುತ್ತದೆ ಎಂದರು. ಗೋದಾಮಿನಲ್ಲಿಯೂ ಹೊಸ್ತಿಲ ಮೇಲೆಯೇ ಕೂತು ಹಾಡುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು, ಎರಡೂ ಪಾದ ನೆಲಕ್ಕೆ ಊರಿ.

ನಮ್ಮ ಮೊದಲ ಹಾಡು ಆ ಹೊಸ್ತಿಲ ಮೇಲೆಯೇ ಆಯಿತು. ಅಣ್ಣ ಸುತ್ತು ಹಾಕುತ್ತಿದ್ದ, ಕಾಕಾ ಸಾಲು ಕಟ್ಟಿದರು:

ಟ್ಯಾಂಕರ ಬಂತಂತ ಓಡೀದೆನವ್ವಾ, ಖಾಲಿ ಕೊಡ ತಂದೆ
ಟ್ಯಾಂಕರ ಬಂತಂತ ಓಡೀದೆನವ್ವಾ, ಖಾಲಿ ಕೊಡ ತಂದೆ
ಕೊಡದಾಗ ಕಿವಿ ಇಟ್ಟ ಕೇಳೀದರ, ಭೂಮಿ ಉಸರ ಬಿಡತದ

ಮೂರನೇ ಸಾಲು ಹಾಡಿ ಮುಗಿಸಿದ ಮೇಲೆ ಅವರು ಸ್ವಲ್ಪ ಹೊತ್ತು ಮೌತ್ ಆರ್ಗನ್ ಬಾಯಿಗೆ ಇಟ್ಟುಕೊಳ್ಳಲಿಲ್ಲ. ಈ ಸಾಲು ಬ್ಯಾಡಾಗಿತ್ತು, ಬಂದುಬಿಡ್ತು ಎಂದರು. ಅಣ್ಣ ಅದೇ ಸಾಲು ಇರಲಿ ಎಂದು ಹಟ ಹಿಡಿದ.

ಮಂಡಪದ ಅಂಗಡಿಯವರು ಮದುವೆ ಇಲ್ಲದ ವರ್ಷವೆಂದು ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ನಮ್ಮಲ್ಲಿಯೇ ಇಟ್ಟಿದ್ದರು. ನಾನು ಬೇಸನ್ನು ಅದಕ್ಕೆ ಜೋಡಿಸಿ ಮೊದಲ ಸಲ ದಪ್ಪ ತಂತಿ ಮೀಟಿದ ದಿನ, ಗೋದಾಮಿನ ಹಿಂದಿನ ಮನೆಯ ಮುದುಕಿ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದು ಬಯಲಿನಲ್ಲಿ ಕೂತುಬಿಟ್ಟಳು. ಮರುದಿನವೂ ಹಾಗೇ. ಆಕೆಯೂ ಆ ಬಿದ್ದ ಹಳ್ಳಿಗಳ ಕಡೆಯವಳು. ನಾನು ಬೇಸನ್ನು ಎತ್ತಿಕೊಂಡು ಹೋಗಿ, ಇದೇ ಆಯೀ, ಸದ್ದು ಬರುವುದು ಇದರಿಂದ, ಎಂದು ತೋರಿಸಿದೆ. ಆಕೆ ತಂತಿಯ ಮೇಲೆ ಬೆರಳಾಡಿಸಿ ನೋಡಿದಳು.

"ತಂತಿ ಅಂತ ನನಗ ತಿಳಿತವ್ವಾ," ಎಂದಳು. "ಖರೆ, ಕಾಲಿಗೆ ತಿಳಿಯಂಗಿಲ್ಲ."

ಅದಾದ ಮೇಲೂ ನಾವು ಬಾರಿಸಿದೆವು. ಆಕೆ ಗಂಟು ಹಿಡಿದು ಹೊರಗೆ ಬಂದು ಕೂರುತ್ತಿದ್ದಳು. ನಾವು ಅದನ್ನು ನೋಡಿ ನೋಡಿ ರೂಢಿ ಮಾಡಿಕೊಂಡೆವು.

ಮಾಘ ಕಳೆಯುವ ಹೊತ್ತಿಗೆ ಬೋರುಗಳು ಒಂದೊಂದಾಗಿ ಬರೀ ಗಾಳಿ ಉಗುಳತೊಡಗಿದವು. ಊರಲ್ಲಿ ಹಕ್ಕಿ ಕಡಿಮೆಯಾದವು. ನಿಲಂಗಾ ತಾಲೂಕಿನ ಕೆಲವು ಹಳ್ಳಿಗಳಲ್ಲಿ ನೆಲದೊಳಗಿನಿಂದ ಗುಡುಗಿದಂಥ ಸದ್ದು ಬರುತ್ತಿದೆ ಎಂದು ಕಾಕಾ ಬಸ್ಸಿನಲ್ಲಿ ಕೇಳಿದ ಸುದ್ದಿ ತರುತ್ತಿದ್ದರು. ಜನ ಮನೆ ಬಿಟ್ಟು ಹೊಲದಲ್ಲಿ ಇರುತ್ತಿದ್ದಾರೆ. ಯಾರೋ ಸಾಹೇಬರು ಬಂದು, ನೆಲದ ನೀರು ಇಳಿದಾಗ ಹೀಗಾಗುತ್ತದೆ, ಹೆದರಬೇಡಿ ಎಂದು ಹೇಳಿ ಹೋಗಿದ್ದಾರೆ. ಇದನ್ನು ಹೇಳುವಾಗ ಕಾಕಾನ ದನಿಯಲ್ಲಿ ಏರಿಳಿತವೇ ಇರುತ್ತಿರಲಿಲ್ಲ, ಬಸ್ ಸ್ಟಾಪಿನ ಹೆಸರು ಕೂಗಿದಂತೆ.

ಒಂದು ಮಧ್ಯಾಹ್ನ ಅದೇ ಹಾಡು ನಡೆದಿತ್ತು. ಸುತ್ತಿನ ಕೊನೆಗೆ ನಾನು ದಪ್ಪ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ಅದುಮಬೇಕು, ಎಲ್ಲರೂ ಒಂದು ಗತಿ ಸುಮ್ಮನಾಗಬೇಕು, ಹಾಗೆ ನಾವು ಗೊತ್ತು ಮಾಡಿಕೊಂಡಿದ್ದೆವು. ನಾನು ಅಂಗೈ ಇಟ್ಟೆ. ಅಣ್ಣ ನಿಲ್ಲಿಸಿದ, ಡ್ರಮ್ಮು ನಿಂತಿತು. ಸದ್ದು ನಿಲ್ಲಲಿಲ್ಲ. ತೂಕದ ಕಾಟಾದ ಸರಪಳಿ ತಾನೇ ಕಿಣಿಕಿಣಿ ಅನ್ನುತ್ತಿತ್ತು. ತಗಡಿನಿಂದ ಧೂಳು ಉದುರಿ ಬಿಸಿಲುಕೋಲಿನಲ್ಲಿ ಇಳಿಯುತ್ತಿತ್ತು. ಅಣ್ಣ ನನ್ನ ಕೈ ನೋಡಿದ, ನಾನು ನನ್ನ ಕೈ ನೋಡಿದೆ. ಅದು ತಂತಿಯ ಮೇಲೆ ಗಟ್ಟಿಯಾಗಿಯೇ ಇತ್ತು. ಹೊಸ್ತಿಲ ಮೇಲೆ ಕಾಕಾ ಇರಲಿಲ್ಲ. ಚಪ್ಪಲಿ ಅಲ್ಲಿಯೇ ಬಿಟ್ಟು ಬಜಾರಿನ ನಡುಮಧ್ಯ ಹೋಗಿ ನಿಂತಿದ್ದರು.

ಏನೂ ಬೀಳಲಿಲ್ಲ. ನಾಲ್ಕೈದು ಉಸಿರಿನಷ್ಟು ಹೊತ್ತು ಅಷ್ಟೇ. ಆದರೆ ಇಡೀ ಬಜಾರು ಹೊರಗೆ ಬಂದಿತ್ತು, ಮತ್ತು ಬಂದವರೆಲ್ಲ ನಮ್ಮ ಗೋದಾಮಿನ ಬಾಗಿಲನ್ನೇ ನೋಡುತ್ತಿದ್ದರು. ಕೆಲವರು ಅದು ನೆಲದ್ದು ಅಂದರು, ಬಹಳ ಜನ ನಮ್ಮ ಪೆಟ್ಟಿಗೆಯದು ಅಂದರು. ಹಿರಿಯರು ಮಠದಲ್ಲಿ ಅಪ್ಪನನ್ನು ಕೂಡಿಸಿಕೊಂಡು ಮಾತಾಡಿದರು. ಯಾರೂ ಸಿಟ್ಟಿನಿಂದ ಮಾತಾಡಲಿಲ್ಲವಂತೆ. ನೆಲ ಮಾತಾಡಿದರೆ ನಮಗೆ ಕೇಳಬೇಕು, ನಿಮ್ಮ ಮಕ್ಕಳು ಅದರ ಹಂಗೇ ಸದ್ದು ಮಾಡಿದರೆ ಯಾವುದು ಯಾವುದೆಂದು ನಾವು ಹೇಗೆ ತಿಳಿಯಬೇಕು ಎಂದು ಕೇಳಿದರಂತೆ. ಅಪ್ಪ ಮನೆಗೆ ಬಂದು ಕೈಕಾಲು ತೊಳೆಯದೆ ಕೂತು ಹೇಳಿದರು:

"ನಾಳಿಂದ ಇಲ್ಲಿ ಬ್ಯಾಡ. ಮಂದಿ ಅಂಜ್ಯಾರ. ಅಂಜಿದ ಮಂದಿ ನಡುವ ನಾ ವ್ಯಾಪಾರ ಮಾಡಂಗಿಲ್ಲ."

ಅಣ್ಣ ಎದುರು ಮಾತಾಡಲಿಲ್ಲ. ಆದರೆ ಉದಗೀರದ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವರ್ಷದ ಸಮಾರಂಭದಲ್ಲಿ, ಹಾಡಲು ಅವನು ಆಗಲೇ ಒಪ್ಪಿಕೊಂಡು ಬಂದಿದ್ದ. ನಮಗೆ ಅದೇ ಮೊದಲ ವೇದಿಕೆ. ಡ್ರಮ್ಮಿನವನ ಅಕ್ಕನನ್ನು ನಿಲಂಗಾದ ಆಚೆಗಿನ ಹಳ್ಳಿಗೆ ಕೊಟ್ಟಿದ್ದರು. ಅವರ ಹೊಲದಲ್ಲಿ ಬಾವಿಯ ಪಕ್ಕ ಮೋಟಾರಿನ ಕೋಣೆ ಇತ್ತು. ಬಾವಿ ಬತ್ತಿ ಮೋಟಾರು ಮೇಲೆ ಎತ್ತಿಟ್ಟಿದ್ದರಿಂದ ಕೋಣೆ ಖಾಲಿ. ಹೊಲಕ್ಕೆ ನೀರೆತ್ತಲೆಂದು ಸರಕಾರ ಬಿಡುವ ಕರೆಂಟು ಅಲ್ಲಿ ಸುಮ್ಮನೆ ಬಂದು ಸುಮ್ಮನೆ ಹೋಗುತ್ತಿತ್ತು. ಅವನ ಭಾವನ ಟೆಂಪೊದಲ್ಲಿ ನಮ್ಮ ಸಾಮಾನು ಅಲ್ಲಿಗೆ ಹೋಯಿತು. ಪ್ರತಿ ಭಾನುವಾರ ಅಣ್ಣ ಮತ್ತು ನಾನು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದೆವು. ಅಪ್ಪ ಎಲ್ಲಿಗೆ ಎಂದು ಕೇಳಲಿಲ್ಲ.

ಅಲ್ಲಿ ಬಾವಿ ಆಳ ಮಾಡುವ ಕೆಲಸ ನಡೆದಿತ್ತು. ಅರವತ್ತು ಅಡಿ ಇದ್ದದ್ದನ್ನು ಇನ್ನೂ ಕೆಳಗೆ ಇಳಿಸಬೇಕು. ದಂಡೆಯ ಮೇಲೆ ಕಲ್ಲುಮಣ್ಣು ಎತ್ತುವ ಯಾರಿ ಯಂತ್ರ, ಅದರ ತಂತಿಹಗ್ಗಕ್ಕೆ ಕಬ್ಬಿಣದ ತೊಟ್ಟಿ. ಕೆಲಸದವರು ಜಳಕೋಟದ ಕಡೆಯವರು: ಗಂಡ, ಹೆಂಡತಿ, ಗಂಡನ ತಮ್ಮ. ಅಣ್ಣತಮ್ಮಂದಿರು ಕೆಳಗೆ ಇಳಿದು ಕೈಯಿಂದ ಬಂಡೆಗೆ ತೂತು ಹೊಡೆಯುತ್ತಿದ್ದರು, ಮದ್ದು ತುಂಬಿ ಮೇಲೆ ಬಂದು ಹಾರಿಸುತ್ತಿದ್ದರು. ಹೆಂಡತಿ ದಂಡೆಯ ಮೇಲೆ ಬೇವಿನ ಗಿಡದ ನೆರಳಿನಲ್ಲಿ ಕೂತಿರುತ್ತಿದ್ದಳು. ಮೊದಲ ದಿನ ನಾನು ಆಕೆ ಬುತ್ತಿ ಕಾಯುತ್ತ ಕೂತಿದ್ದಾಳೆ ಎಂದುಕೊಂಡಿದ್ದೆ.

ನಾವು ಬಾರಿಸತೊಡಗಿ ಒಂದು ಗಳಿಗೆಯಾಗಿರಬೇಕು, ಆಕೆ ಬಂದು ಬಾಗಿಲಲ್ಲಿ ನಿಂತಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸೆರಗಿನ ಚುಂಗು ಹಿಡಿದು, ಮರಾಠಿ ಕನ್ನಡ ಕೂಡಿದ ಮಾತಿನಲ್ಲಿ, ಯಾರ ಕಡೆಗೂ ನೋಡದೆ ಹೇಳಿದಳು:

"ಮಂದಿ ಕೆಳಗಿದ್ದಾಗ ಬ್ಯಾಡ್ರಿ. ದಂಡಿ ಜಾರೂಕಿಂತ ಮೊದಲ ಸಣ್ಣ ಹರಳ ಉದುರ್ತಾವ. ಆ ಸಪ್ಪಳ ಕೇಳೂದೇ ನನ್ನ ಕೆಲಸ ಅದರಿ."

ಅಣ್ಣನಿಗೆ ನಾಚಿಕೆಯಾಯಿತು. ಆಯಿತು ಅಕ್ಕಾ ಎಂದ. ಅಂದಿನಿಂದ ಅದೊಂದು ಕರಾರು. ಅವರು ಊಟಕ್ಕೆ, ಮದ್ದು ಹಾರಿಸಲಿಕ್ಕೆ ಮೇಲೆ ಬಂದಾಗ ಮಾತ್ರ ನಾವು ಬಾರಿಸುವುದು. ಅವರು ಕೆಳಗಿದ್ದಾಗ ಕೋಣೆಯಲ್ಲಿ ಸುಮ್ಮನೆ ಕೂತು ತಂತಿ ಒರೆಸುತ್ತಿದ್ದೆವು, ಬೆರಳು ಮಾತ್ರ ಆಡಿಸುತ್ತಿದ್ದೆವು. ಆ ಮೌನದಲ್ಲಿ ನನಗೂ ಕೇಳುವುದು ರೂಢಿಯಾಯಿತು. ಸುತ್ತಿಗೆಯ ಸದ್ದು ಬಾವಿಯ ಬಾಯಿಗೆ ಬರುವಷ್ಟರಲ್ಲಿ ತೆಳ್ಳಗಾಗಿರುತ್ತಿತ್ತು. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಒಣಗಿ ಸೀಳುಬಿಟ್ಟ ಗರಸುಮಣ್ಣು, ಆಮೇಲೆ ಕರಿಬಂಡೆ. ಸೀಳಿನೊಳಗೆ ನನ್ನ ಮುಂಗೈ ಹೋಗುತ್ತಿತ್ತು. ಅಷ್ಟು ಒಣಗಿದ ದಂಡೆಯನ್ನು ನಾನು ಹಿಂದೆ ನೋಡಿರಲಿಲ್ಲ. ಡ್ರಮ್ಮಿನವನ ಭಾವ ಒಂದು ಸಲ ಪಡುವಣ ಬದಿ ಸರಿಯಿಲ್ಲ ಎಂದ, ಮಳೆಗಾಲ ಬರುವುದರೊಳಗೆ ಮುಗಿಯಬೇಕಲ್ಲ ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡ.

ಆ ದಿನ ಭಾನುವಾರವಲ್ಲ. ಗ್ಯಾದರಿಂಗಿಗೆ ಎರಡೇ ದಿನ ಉಳಿದಿತ್ತೆಂದು ನಾನು ಕಾಲೇಜು ತಪ್ಪಿಸಿ ಅಣ್ಣನ ಜೊತೆ ಹೋಗಿದ್ದೆ. ಕಾಕಾ ಡ್ಯೂಟಿ ಮುಗಿಸಿ ಮಧ್ಯಾಹ್ನ ಬರುವವರಿದ್ದರು. ಬಾವಿಯೊಳಗೆ ಅಣ್ಣತಮ್ಮಂದಿರು ಬೆಳಗಿನಿಂದ ತೂತು ಹೊಡೆಯುತ್ತಿದ್ದರು, ಬಂಡೆ ಗಟ್ಟಿ ಬಂದು ಮೇಲೆ ಬರುವ ಸುಳಿವೇ ಇರಲಿಲ್ಲ. ಯಾರಿಯ ಎಂಜಿನ್ನು ನಿಂತಿತ್ತು. ಹನ್ನೆರಡಾಯಿತು, ಒಂದಾಯಿತು. ಕರೆಂಟು ಮೂರಕ್ಕೆ ಹೋಗುವುದಿತ್ತು.

ಅಣ್ಣ ಎದ್ದು ಗಿಟಾರಿಗೆ ಕರೆಂಟಿನ ವಾಯರು ಜೋಡಿಸಿದ. ಡ್ರಮ್ಮಿನವನು ಅವರು ಕೆಳಗಿದ್ದಾರಲ್ಲ ಎಂದ.

"ಸಣ್ಣಗ ಬಾರ್ಸೂಣು," ಎಂದ ಅಣ್ಣ. "ಇನ್ನ ಎರಡ ದಿನ ಉಳದಾವ. ಹಿಂಗ ಕುಂತ್ರ ಆಗಂಗಿಲ್ಲ."

ಸಣ್ಣಗೇ ಶುರು ಮಾಡಿದೆವು. ಆದರೆ ಆ ಸಂಗೀತ ಸಣ್ಣಗೆ ಉಳಿಯುವಂಥದ್ದಲ್ಲ. ಗಿಟಾರು ಸ್ವಲ್ಪ ಏರಿದರೆ ಡ್ರಮ್ಮು ಅದಕ್ಕೆ ಸಮ ಆಗಬೇಕು, ಡ್ರಮ್ಮು ಏರಿದರೆ ಬೇಸು ಕೇಳುವುದಿಲ್ಲ. ನಾನೇ ಎದ್ದು ಪೆಟ್ಟಿಗೆಯ ಗುಂಡಿ ತಿರುಗಿಸಿದೆ. ಕಿಟಕಿಯಿಂದ ಆಕೆ ಕಾಣುತ್ತಿದ್ದಳು. ನಮಗೆ ಬೆನ್ನು ಮಾಡಿ, ಮೊಣಕಾಲು ಮಡಚಿ ದಂಡೆಯ ಮೇಲೆ ಕೂತಿದ್ದಳು. ತೊಂದರೆಯಾದರೆ ಎದ್ದು ಬಂದು ಹೇಳುತ್ತಾಳೆ ಎಂದು ನಾನು ಅಂದುಕೊಂಡೆ. ಆಕೆ ಏಳಲಿಲ್ಲ. ಅದನ್ನೇ ನಾನು ಒಪ್ಪಿಗೆ ಎಂದು ತಿಳಿದೆ.

ಕಾಕಾ ರಸ್ತೆಯಿಂದ ನಡೆದು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕೆಳಗೆ ಯಾರಾದರೂ ಇದ್ದಾರೇನು ಎಂದು ಕೇಳಿದರು. ಕೋಣೆಯ ಬಾಗಿಲಿನಿಂದ ಬಾವಿ ಕಾಣುತ್ತಿರಲಿಲ್ಲ, ಮೂಲೆ ತಿರುಗಬೇಕಿತ್ತು.

"ಇಲ್ಲ ಕಾಕಾ," ಎಂದ ಅಣ್ಣ. "ಮ್ಯಾಲ ಬಂದಾರ."

ಅವನು ಅದನ್ನು ಗಿಟಾರಿನ ಕಡೆ ನೋಡುತ್ತ ಹೇಳಿದ. ಡ್ರಮ್ಮಿನವನು ತಲೆ ಕೆಳಗೆ ಹಾಕಿದ. ನಾನು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಆದ ಮೇಲೂ ಆ ಗಳಿಗೆಗೆ ನಾನು ಬೇರೆ ಬೇರೆ ಕಾರಣ ಹುಡುಕಿ ನೋಡಿದ್ದೇನೆ. ಇದ್ದದ್ದು ಒಂದೇ. ಅಂದು ನಾವು ಬಹಳ ಚೆನ್ನಾಗಿ ನುಡಿಸುತ್ತಿದ್ದೆವು, ಅದು ನಿಲ್ಲಬಾರದು ಎಂದು ನನಗೆ ಅನಿಸಿತ್ತು.

ಕಾಕಾ ಹೊಸ್ತಿಲ ಮೇಲೆ ಕೂತು ಹಾಡಿದರು. ಹಾಗೆ ಅವರು ಹಿಂದೆ ಎಂದೂ ಹಾಡಿರಲಿಲ್ಲ. ಅಣ್ಣ ತಂತಿ ಬಗ್ಗಿಸಿದಲ್ಲಿ ಅವರ ದನಿ ಬಗ್ಗುತ್ತಿತ್ತು, ಅವರು ಬಿಟ್ಟ ಜಾಗದಲ್ಲಿ ಮೌತ್ ಆರ್ಗನ್ ಬಂದು ಕೂರುತ್ತಿತ್ತು, ಡೊಳ್ಳು ನನ್ನ ದಪ್ಪ ತಂತಿಯ ಜೊತೆ ಒಂದೇ ಹೆಜ್ಜೆ ಇಡುತ್ತಿತ್ತು. ಮೂರು ಸುತ್ತು ಹೋಯಿತು. ನಾಲ್ಕನೆಯದರಲ್ಲಿ, ಕೊನೆಯ ಸಾಲು ಎತ್ತಿಕೊಳ್ಳಬೇಕಾದಲ್ಲಿ ಅವರು ಎತ್ತಿಕೊಳ್ಳಲಿಲ್ಲ. ನೋಡಿದರೆ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿದ್ದರು.

"ಬಂದ್ ಮಾಡ್ರಿ."

ನಿಲ್ಲಿಸಿದೆವು. ಆಗ ಕೇಳಿಸಿತು. ದೂರದಲ್ಲಿ ಯಾರೋ ಚೀಲದಿಂದ ಜೋಳ ಸುರುವುತ್ತಿದ್ದಾರೆ, ಹಾಗಿತ್ತು ಅದು. ಗೋದಾಮಿನಲ್ಲಿ ಬೆಳೆದವಳಿಗೆ ಆ ಸದ್ದು ಪರಿಚಯದ್ದು, ಒಂದು ಕ್ಷಣ ಅದು ಜೋಳವೇ ಎಂದು ನನಗೆ ಅನಿಸಿತು.

ಕಾಕಾ ಬರಿಗಾಲಲ್ಲಿ ಓಡಿದರು. ಡ್ರಮ್ಮಿನವನು ಡೊಳ್ಳು ದಾಟಿ ಎಂಜಿನ್ನಿನ ಕಡೆ ಜಿಗಿದ. ಆಕೆ ಎದ್ದು ನಿಂತು ಬಾವಿಯೊಳಗೆ ಕೂಗುತ್ತಿದ್ದಳು, ಕಾಕಾ ದಂಡೆಯ ಮೇಲೆ ಹೊಟ್ಟೆ ಊರಿ, ಊರುಗಳ ಹೆಸರು ಕೂಗುವ ಅದೇ ದನಿಯಲ್ಲಿ ತೊಟ್ಟಿಗೆ ಬನ್ನಿ, ತೊಟ್ಟಿಗೆ ಬನ್ನಿ ಎಂದು ಕೂಗಿದರು. ಗಂಡ ತೊಟ್ಟಿಯ ಹತ್ತಿರವೇ ಇದ್ದ. ಅವನು ಅದರ ಅಂಚು ಹಿಡಿದ, ಎಂಜಿನ್ನು ಹಿಡಿಯಿತು, ತೊಟ್ಟಿ ಮೇಲೆದ್ದಿತು. ತಮ್ಮ ಪಡುವಣ ಬದಿಗೆ ಇದ್ದ. ಅಲ್ಲಿಂದ ತೊಟ್ಟಿಗೆ ಹತ್ತು ಹೆಜ್ಜೆ ಇರಬಹುದು. ಅವನು ನಾಲ್ಕೈದು ಹೆಜ್ಜೆ ಬಂದದ್ದನ್ನು ಕಾಕಾ ನೋಡಿದ್ದಾರೆ. ನಾನು ದಂಡೆಗೆ ಹೋಗುವಷ್ಟರಲ್ಲಿ ಬಾವಿಯಿಂದ ಧೂಳು ಮೇಲೆ ಬರುತ್ತಿತ್ತು. ಆ ಧೂಳಿನೊಳಗಿಂದ ತೊಟ್ಟಿ ಬಂತು. ಅದರ ಅಂಚಿಗೆ ಒಬ್ಬನೇ ಜೋತುಬಿದ್ದಿದ್ದ.

ತಮ್ಮನನ್ನು ಮರುದಿನ ಮಧ್ಯಾಹ್ನ ಮೇಲೆ ತೆಗೆದರು. ಇಪ್ಪತ್ತೆರಡು ವರ್ಷದವನು, ನನ್ನ ವಾರಿಗೆಯವನು. ಅವನ ಜೊತೆ ನಾನು ಒಂದು ಮಾತೂ ಆಡಿರಲಿಲ್ಲ. ಊಟಕ್ಕೆ ಮೇಲೆ ಬಂದಾಗ ಕಿಟಕಿಯಲ್ಲಿ ನಿಂತು ಡೊಳ್ಳಿನ ಪೆಡಲ್ಲನ್ನು ಬೆರಗಿನಿಂದ ನೋಡುತ್ತಿದ್ದ, ಅಷ್ಟೇ ನೆನಪು.

ಪೊಲೀಸರು ಬಂದು ಪಂಚನಾಮೆ ಮಾಡಿದರು. ದಂಡೆ ಒಣಗಿತ್ತೇ, ಹಿಂದೆ ಮದ್ದು ಯಾವಾಗ ಹಾರಿಸಿದ್ದರು, ಬಾವಿಯ ಒಳಬದಿಗೆ ಕಲ್ಲು ಕಟ್ಟಿದ್ದರೇ ಎಂದೆಲ್ಲ ಕೇಳಿದರು. ಮೋಟಾರಿನ ಕೋಣೆಯಲ್ಲಿ ನಾವು ಏನು ಮಾಡುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ. ಆಕೆಯನ್ನು ಕೇಳಿದಾಗ ಆಕೆ ಹೇಳಿದ್ದು ಇಷ್ಟು:

"ನಾ ದಂಡಿ ಮ್ಯಾಲ ಕುಂತಿದ್ದೆ. ನನಗ ಕೇಳ್ಬೇಕಿತ್ತು. ಕೇಳಲಿಲ್ಲ."

ನಾನು ಹತ್ತು ಹೆಜ್ಜೆ ದೂರ ನಿಂತಿದ್ದೆ. ಅಣ್ಣನೂ ನಿಂತಿದ್ದ. ಆಕೆ ನಮ್ಮ ಕಡೆ ಬೆರಳು ಮಾಡುತ್ತಾಳೆ ಎಂದು ನಾನು ಕಾದೆ. ಮಾಡಲಿಲ್ಲ. ನಾವೂ ಮುಂದೆ ಹೋಗಲಿಲ್ಲ. ಸಾಹೇಬರು ಕಾಗದ ಮಡಚಿದರು.

ತಿರುಗಿ ಬರುವ ಮೊದಲು ಕಾಕಾ ಅಣ್ಣನನ್ನು ಬೇವಿನ ಗಿಡದ ಕೆಳಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನೀ ಇಲ್ಲ ಅಂದಿ, ನಾ ನಂಬಿದೆ, ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೂ ಗೊತ್ತಿತ್ತು, ಹೌದಿಲ್ಲೋ ತಂಗಿ?"

ನಾನು ಹೌದೆಂದು ತಲೆ ಆಡಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದರು.

ಕಾಲೇಜಿನವರಿಗೆ ಬರುವುದಿಲ್ಲ ಎಂದು ಹೇಳಲು ಅಣ್ಣ ಫೋನು ಮಾಡಿದ. ಅವರು, ಗ್ಯಾದರಿಂಗು ಎಲ್ಲಿದೆ, ನೀರಿಲ್ಲವೆಂದು ಹಾಸ್ಟೆಲ್ಲೇ ಮುಚ್ಚಿದ್ದೇವೆ, ನಾಲ್ಕು ದಿನವಾಯಿತು ನೋಟೀಸು ಹಚ್ಚಿ, ನಿಮಗೆ ತಿಳಿಸುವುದು ಮರೆತೆವು ಎಂದರು. ಅಣ್ಣ ಫೋನು ಕೆಳಗಿಟ್ಟು ಹಿತ್ತಲಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ. ಅವ್ವ ಏನಾಯಿತು ಎಂದು ನನ್ನನ್ನು ಕೇಳಿದಳು, ಬಾವಿ ಕುಸಿದದ್ದನ್ನು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ.

ಡ್ರಮ್ಮಿನವನು ಡೊಳ್ಳಿನ ಪೆಡಲ್ ಕಿತ್ತು, ಡೊಳ್ಳನ್ನು ಬೀರಪ್ಪನ ಗುಡಿಯಲ್ಲಿ ಇಟ್ಟು, ಕೃಷ್ಣೆಯ ಕಡೆಗೆ ತಂದೆಯ ಕುರಿ ಹುಡುಕಿಕೊಂಡು ಹೋದ. ಅಣ್ಣ ಪುಣೆಯ ಒಂದು ಕಾರ್ಖಾನೆಗೆ ಸೇರಿದ. ಮುಂದೆ ಮಳೆಯೂ ಆಯಿತು, ಗೋದಾಮಿನಲ್ಲಿ ಚೀಲಗಳು ಏರಿದವು. ಆ ಬಾವಿಯನ್ನು ಅವರು ಮುಚ್ಚಿಬಿಟ್ಟರು. ನನಗೆ ಶಿರೂರ ಅನಂತಪಾಳದಲ್ಲಿ ಮಾಸ್ತರಿಕೆ ಸಿಕ್ಕಿತು. ಮಳೆಗಾಲದ ಮೊದಲ ಗುಡುಗಿಗೆ ಮಕ್ಕಳು ಖುಷಿಯಿಂದ ಕೂಗಿದರೆ ನಾನು ನನಗೇ ತಿಳಿಯದಂತೆ ಅಂಗೈಯನ್ನು ಮೇಜಿನ ಮೇಲೆ ಒತ್ತಿರುತ್ತಿದ್ದೆ. ಬೇಸನ್ನು ಊರಿನಲ್ಲಿಯೇ ಬಿಟ್ಟು ಬಂದಿದ್ದೆ.

ಏಳು ವರ್ಷದ ಮೇಲೆ ಉದಗೀರದ ಬಸ್ಸಿನಲ್ಲಿ ಕಾಕಾ ಸಿಕ್ಕರು. ಕೂದಲು ಪೂರಾ ಬೆಳ್ಳಗಾಗಿತ್ತು. ಟಿಕೆಟ್ ಕೊಟ್ಟು ಮುಂದೆ ಹೋದರು, ಉಳಿದವರದೆಲ್ಲ ಮುಗಿಸಿ ತಿರುಗಿ ಬಂದು ನನ್ನ ಸೀಟಿನ ಪಕ್ಕ ನಿಂತರು. ಅಣ್ಣನ ಬಗ್ಗೆ ಕೇಳಲಿಲ್ಲ. ಬಾವಿ ದಂಡೆಯ ಮೇಲೆ ಕೂರುತ್ತಿದ್ದ ಆಕೆ ಜಳಕೋಟದಲ್ಲಿ ಇರುತ್ತಾಳೆ, ಬಸ್ ಸ್ಟ್ಯಾಂಡಿನ ಹಿಂದೆ ಬೀಸುಕಲ್ಲು ಮಾರುತ್ತಾಳೆ, ಮೂರು ಸಲ ನನ್ನ ಗಾಡಿ ಹತ್ತಿದ್ದಾಳೆ, ಎಂದಷ್ಟೇ ಹೇಳಿದರು. ಹೋಗು ಎಂದೂ ಹೇಳಲಿಲ್ಲ.

ಮುಂದಿನ ಭಾನುವಾರ ಹೋದೆ. ತಾಡಪತ್ರಿಯ ನೆರಳಿನಲ್ಲಿ ಕೂತು ಆಕೆ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಕೊಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು, ಕೂತುಕೊಳ್ಳಲು ಚೀಲ ಹಾಸಿದಳು. ಗಂಡ ಬಾವಿಗೆ ಇಳಿಯುವುದನ್ನು ಬಿಟ್ಟಿದ್ದಾನೆ, ಕಬ್ಬು ಕಡಿಯಲು ಹೋಗುತ್ತಾನೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ ಎಂದಳು. ಉಳಿಯ ಸದ್ದು ನಡೆದೇ ಇತ್ತು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟಿತು. ಅಂದು ಮಂದಿ ಕೆಳಗೆ ಇದ್ದದ್ದು ನಮಗೆ ಗೊತ್ತಿತ್ತು ಎಂದೆ. ಗೊತ್ತಿದ್ದೂ ಬಾರಿಸಿದೆವು, ಸದ್ದು ಏರಿಸಿದವಳು ನಾನು, ಪೊಲೀಸರ ಮುಂದೆ ನಿಮ್ಮ ಮೇಲೆ ನೀವೇ ಹಾಕಿಕೊಂಡಾಗ ನಾನು ಸುಮ್ಮನೆ ನಿಂತೆ. ಇಷ್ಟನ್ನು ನಿಲ್ಲಿಸದೆ ಹೇಳಿದೆ.

ಆಕೆ ಉಳಿ ಕೆಳಗಿಟ್ಟಳು. ಕಲ್ಲಿನ ಪುಡಿಯನ್ನು ಅಂಗೈಯಿಂದ ಸರಿಸಿದಳು.

"ನನಗ ಗೊತ್ತಿತ್ತರಿ. ನೀವ ಬಾರ್ಸೂದ ನನಗೇನ ಕೇಳ್ತಿದ್ದಿಲ್ಲೇನು? ಎದ್ದ ಬಂದು ಬ್ಯಾಡ್ರಿ ಅಂದ್ರ ನೀವ ನಿಂದ್ರಸ್ತಿದ್ರಿ. ಹಿಂದ ಒಮ್ಮಿ ನಿಂದ್ರಸಿದ್ರಿ."

ಬೀಸುಕಲ್ಲಿನ ಮೇಲೆ ಉಳಿದಿದ್ದ ಪುಡಿಯನ್ನು ಆಕೆ ಊದಿದಳು.

"ಎದ್ದ ಬರಲಿಲ್ಲ ನಾ. ಛಲೋ ಇತ್ತರಿ ಹಾಡು. ನಾ ಅದನ್ನೇ ಕೇಳ್ಕೋತ ಕುಂತಿದ್ದೆ."

ಹರಳು ಉದುರಿದ್ದು ತನಗೆ ಕಾಣಿಸಿರಲೂಬಹುದು, ಕಣ್ಣು ಎತ್ತ ಇತ್ತೋ ಈಗ ನೆನಪಾಗುವುದಿಲ್ಲ, ಗಂಡನಿಗೆ ಇದನ್ನು ಹೇಳಿ ಎರಡು ವರ್ಷವಾಯಿತು ಎಂದಳು. ಅಂವ ಏನಂದ ಎಂದು ಕೇಳಿದೆ. ಏನೂ ಅನ್ನಲಿಲ್ಲ, ಆ ವರ್ಷ ಕಬ್ಬಿಗೆ ಒಬ್ಬನೇ ಹೋದ, ಮುಂದಿನ ವರ್ಷ ನನ್ನನ್ನೂ ಕರೆದುಕೊಂಡು ಹೋದ, ಎಂದಳು. ಹೋಟೆಲಿನಿಂದ ಚಹಾ ತರಿಸಿದಳು. ಇಬ್ಬರೂ ಕುಡಿದೆವು. ನಾನು ಎದ್ದಾಗ, ಬಿಸಿಲು ಬಹಳ ಅದ, ತಲೆ ಮೇಲೆ ಸೆರಗು ಹಾಕಿಕೊಂಡು ಹೋಗ್ರಿ ಎಂದು ಹೇಳಿ ಮತ್ತೆ ಉಳಿ ಹಿಡಿದಳು.

ಅಂದು ಸಂಜೆ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಕೊನೆಗೆ, ಆಕಿ ಗಂಡ ಈಗ ಊರಾಗ ಅದಾನೇನು ಎಂದು ಕೇಳಿದ. ದೀಪಾವಳಿಗೆ ಮೊದಲು ಇರುತ್ತಾನೆ, ಆಮೇಲೆ ಕಬ್ಬಿಗೆ ಹೋಗುತ್ತಾನೆ ಎಂದೆ. ದೀಪಾವಳಿಗೆ ಎಂಟು ದಿನ ಮೊದಲು ಅಣ್ಣ ಪುಣೆಯಿಂದ ಬಂದ. ಉಮರಗಾದಲ್ಲಿ ಇಳಿಯದೆ ನೇರ ಜಳಕೋಟಕ್ಕೆ ಹೋಗಿ, ಒಂದು ಹಗಲು ಆಕೆಯ ಗಂಡನ ಜೊತೆ ಇದ್ದು ಮನೆಗೆ ಬಂದ. ಅವರು ಏನು ಮಾತಾಡಿಕೊಂಡರೋ ಅವನು ಹೇಳಿಲ್ಲ. ನಾನೂ ಕೇಳಿಲ್ಲ.